ಕುಂಡದಲ್ಲಿ ತಳಿ ಉಳಿಸೋದು: ಗಿಡ ಉಳೀತಾ, ತಳಿ ಉಳೀತಾ?

ಶಿರಸಿ, ಸಿದ್ದಾಪುರ ಕಡೆ ಈಗ ಯಾರ ಮನೆ ಅಂಗಳಕ್ಕೆ ಹೋದ್ರೂ ನಾಲ್ಕು ಕುಂಡ ಕಾಣ್ತದೆ, ಅದ್ರಲ್ಲಿ ಒಂದಾದ್ರೂ ಬುಷ್ ಪೆಪ್ಪರ್, ಅಂದ್ರೆ ಮರ ಹತ್ತದೇ ಪೊದೆಯಾಗಿ ಬೆಳೆಯೋ ಕಾಳುಮೆಣಸು, ಇದ್ದೇ ಇರ್ತದೆ. ತೋಟಕ್ಕೆ ಹೋಗಿ ಅಡಕೆ ಮರ ಹತ್ತೋ ಆಳು ಸಿಗದೇ ಇರೋ ಕಾಲ, ಹಾಗಾಗಿ ಸೊಂಟದ ಎತ್ತರಕ್ಕೆ ಮೆಣಸು ಸಿಕ್ರೆ ಯಾರಿಗೆ ಬೇಡ. ಜೊತೆಗೆ ಇನ್ನೊಂದು ಮಾತೂ ಕೇಳಿಬರ್ತದೆ, "ನಮ್ಮಲ್ಲಿ ಹಳೇ ಮಲ್ಲಿಗೆಸರ ಮೆಣಸು ಒಂದು ಕುಂಡದಲ್ಲಿ ಉಳ್ಸಿಟ್ಟಿದ್ದೇವೆ", "ಅಜ್ಜನ ಕಾಲದ ಮೊಗೆಕಾಯಿ (ಸಾಂಬಾರು ಸೌತೆ) ಬೀಜ ಗ್ರೋಬ್ಯಾಗಲ್ಲಿ (ಗಿಡ ಬೆಳೆಸೋ ಚೀಲದಲ್ಲಿ) ಹಾಕಿ ತಳಿ ಉಳ್ಸಿದ್ದೇವೆ" ಅಂತ. ಎರಡೂ ಒಂದೇ ತರದ ಕೆಲಸ ಅನ್ನಿಸ್ತದೆ ಅಲ್ವಾ? ಅಲ್ಲ. ಮೊದಲನೇದು ಪೂರ್ತಿ ಸರಿ, ಎರಡನೇದು ಮುಕ್ಕಾಲು ಪಾಲು ಭ್ರಮೆ. ಯಾಕೆ ಅಂತ ಅರ್ಥ ಆಗ್ಬೇಕಾದ್ರೆ ಆ ಗಿಡ ಮದುವೆ ಹೇಗೆ ಆಗ್ತದೆ ಅಂತ ನೋಡ್ಬೇಕು, ಗೊಬ್ಬರ ನೀರು ಎಲ್ಲ ಆಮೇಲಿನ ಮಾತು.

ಕುಂಡದಲ್ಲಿ ತಾಯಿಗಿಡ ಇಟ್ಕೊಂಡು ಕಡ್ಡಿ ಮುರಿದು ಕ್ಲೋನ್, ಅಂದ್ರೆ ತಾಯಿಯದೇ ನಕಲು ಗಿಡ, ಮಾಡೋದು ಅಂತ ನೆಟ್ಟಲ್ಲಿ ಹುಡುಕಿದ್ರೆ ಮೆಣಸಿಗಿಂತ ಮೊದ್ಲು ಬರೋದು ಗಾಂಜಾ ಗಿಡದ ವಿಷಯವೇ, ಅದಕ್ಕೆ ಅನುಮತಿ ಇರೋ ದೇಶಗಳಲ್ಲಿ ಈ ವಿದ್ಯೆ ತುಂಬಾ ಮುಂದೆ ಹೋಗಿದೆ. ನಮ್ಮಲ್ಲಿ 1985ರ ಎನ್‌ಡಿಪಿಎಸ್ (ಮಾದಕ ವಸ್ತು) ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಅದನ್ನ ಬೆಳೆಸೋದು ಅಪರಾಧ, ಕುಂಡದಲ್ಲಿ ಒಂದೇ ಗಿಡ ಆದ್ರೂ ಅಪರಾಧವೇ, ಆ ಕಡೆ ಹೋಗೋದು ಬೇಡ. ಆದ್ರೆ ಅವರು ಕುಂಡಕ್ಕೆ ಯಾಕೆ ಬಂದ್ರು ಅನ್ನೋದು ನಮಗೂ ಉಪಯೋಗದ ಪಾಠ. ಆ ಜಾತಿಯಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ, ಪರಾಗ ಗಾಳಿಯಲ್ಲಿ ಹಾರ್ತದೆ, ಹಾಗಾಗಿ ಬೀಜದಿಂದ ಬಂದ ಪ್ರತಿ ಗಿಡವೂ ಒಂದೊಂದು ತರ. ಇಷ್ಟವಾದ ಒಂದು ಗಿಡವನ್ನ ಹಾಗೇ ಉಳಿಸ್ಕೊಳ್ಳೋಕೆ ಕಡ್ಡಿ ನೆಡೋದೇ ದಾರಿ, ಬೇಡದ ಪರಾಗದಿಂದ ದೂರ ಇಡೋಕೆ ಕುಂಡ ಅನುಕೂಲ. ನಮ್ಮ ತೋಟದ ಜಾಯಿಕಾಯಿ ನೋಡಿ, ಅದೂ ಹಾಗೇ. ಬೀಜದ ಸಸಿ ನೆಟ್ರೆ ಹೆಚ್ಚುಕಡಿಮೆ ಅರ್ಧ ಗಂಡು ಬರ್ತದೆ, ವರ್ಷಗಟ್ಟಲೆ ಸಾಕಿದ ಮೇಲೆ ಹೂ ನೋಡಿ ಗೊತ್ತಾಗೋದು. ಮುರುಗಲು ಸಹ ಅದೇ ಕಥೆ. ಕಾಡಿನ ಕಾಳುಮೆಣಸಲ್ಲೂ ಹೆಚ್ಚಿನವು ಗಂಡು ಬಳ್ಳಿ, ಹೆಣ್ಣು ಬಳ್ಳಿ ಬೇರೆ ಬೇರೆಯೇ, ಒಂದೇ ಹೂವಲ್ಲಿ ಎರಡೂ ಇರೋ ಬಳ್ಳಿಗಳನ್ನ ನಮ್ಮ ಹಿಂದಿನೋರು ಆರಿಸ್ತಾ ಆರಿಸ್ತಾ ಬಂದು ತೋಟದ ಮೆಣಸು ಅಂತ ಆಗಿದ್ದು.

ಈಗ ಮೆಣಸಿಗೇ ಬರ್ತೇನೆ, ಯಾಕಂದ್ರೆ ಕುಂಡದಲ್ಲಿ ತಳಿ ಉಳಿಸೋಕೆ ಇದರಷ್ಟು ಒಳ್ಳೆ ಉದಾಹರಣೆ ಇನ್ನೊಂದಿಲ್ಲ.

ಮಲ್ಲಿಗೆಸರ, ಉದ್ದಗೆರೆ, ದೊಡ್ಡಿಗ್ಯ, ಕುರಿಮಲೆ, ಹೀಗೆ ನಮ್ಮ ಜಿಲ್ಲೆಯ ಹೆಸರುಗಳು ಏನಿದಾವೆ, ಇವೆಲ್ಲ ಯಾವತ್ತೋ ಒಂದು ಒಳ್ಳೆ ಬಳ್ಳಿ ಕಂಡವರು ಅದರ ಹಂಬು ಕತ್ತರಿಸಿ ನೆಟ್ಟು, ಅಲ್ಲಿಂದ ಪಕ್ಕದ ಮನೆಗೆ, ಅಲ್ಲಿಂದ ಮಗಳನ್ನ ಕೊಟ್ಟ ಊರಿಗೆ ಹೋಗಿ ಹಬ್ಬಿದ್ದು. ಅಂದ್ರೆ ಬೀಜದಿಂದ ಅಲ್ಲ, ಅದೇ ಬಳ್ಳಿಯ ತುಂಡು. ಪಣಿಯೂರು-1 ಅಂತೂ ಇನ್ನೂ ಸ್ಪಷ್ಟ, ಉತ್ತಿರಂಕೊಟ್ಟ ಮತ್ತು ಚೆರಿಯಕಾಣಿಯಕ್ಕಾಡನ್ ಅನ್ನೋ ಎರಡು ಕೇರಳದ ತಳಿ ಸೇರಿಸಿ ಮಾಡಿದ್ದು, 1971ರಲ್ಲಿ ಬಿಡುಗಡೆ ಆಗಿದ್ದು, ಕಾಳುಮೆಣಸಲ್ಲಿ ಮೊದಲ ಹೈಬ್ರಿಡ್. ಇವತ್ತು ನಮ್ಮಲ್ಲಿ ಇರೋ ಪಣಿಯೂರು-1 ಬಳ್ಳಿ ಅಷ್ಟೂ ಆ ಒಂದೇ ಸಸಿಯ ತುಂಡುಗಳು. ದಟ್ಟ ನೆರಳಲ್ಲಿ ಅದು ಅಷ್ಟು ಬಿಡೋದಿಲ್ಲ, ಹಾಗಾಗಿ ತುಂಬಾ ನೆರಳಿನ ಹಳೇ ತೋಟದಲ್ಲಿ ಊರ ತಳಿಯೇ ವಾಸಿ ಅಂತ ನನ್ನ ಲೆಕ್ಕ, ಯಾರು ಬೇಕಾದ್ರೂ ಜಗಳ ಆಡ್ಬಹುದು.

ಹಾಗಾದ್ರೆ ಕ್ಲೋನಿಂದ ಬಂದ ತಳಿಗೆ ಒಂದು ಕುಂಡ ಸಾಕು, ಯಾಕಂದ್ರೆ ತಳಿ ಅಂದ್ರೇನೇ ಆ ಒಂದು ಗಿಡ, ಅದರ ತುಂಡು ಬದುಕಿದ್ರೆ ತಳಿ ಬದುಕಿದ ಹಾಗೇ. ಬೀಜ ಹಾಕಿದ್ರೆ ಮಾತ್ರ ಕೈ ತಪ್ತದೆ, ಮಲ್ಲಿಗೆಸರದ ಕಾಳು ಹಾಕಿ ಬಂದ ಸಸಿ ಮಲ್ಲಿಗೆಸರ ಅಲ್ಲ, ಅದರ ಮಗು, ಗುಣ ಎಲ್ಲ ಕಲಸಿರ್ತದೆ. ಸಾಲದ್ದಕ್ಕೆ ಮೆಣಸಿನ ಬೀಜ ಒಣಗಿಸಿ ಡಬ್ಬಿಗೆ ಹಾಕಿಡೋ ಜಾತಿಯೂ ಅಲ್ಲ, ಒಣಗಿದ್ರೆ ಬೇಗ ಸತ್ತುಹೋಗ್ತದೆ. ಮಾವು, ಹಲಸು, ಜಾಯಿಕಾಯಿ, ಅಡಕೆ, ತೆಂಗು ಎಲ್ಲ ಇದೇ ಪಂಗಡ. ನಾರ್ವೆಯ ಸ್ವಾಲ್ಬಾರ್ಡಲ್ಲಿ 2008ರಲ್ಲಿ ಹಿಮದ ಗುಡ್ಡದೊಳಗೆ ಜಗತ್ತಿನ ಬೀಜದ ಉಗ್ರಾಣ ಶುರು ಮಾಡಿದ್ರಲ್ಲ, ಲಕ್ಷಗಟ್ಟಲೆ ತಳಿಯ ಬೀಜ ಇದೆ ಅಲ್ಲಿ, ಆದ್ರೆ ಒಣಗಿಸಿ ತಣ್ಣಗಿಟ್ರೆ ಬದುಕೋ ಬೀಜ ಮಾತ್ರ, ನಮ್ಮ ಮೆಣಸು, ಉಪ್ಪಿನಕಾಯಿಯ ಅಪ್ಪೆಮಿಡಿ ಮಾವಿಗೆಲ್ಲ ಅಲ್ಲಿ ಜಾಗ ಇಲ್ಲ. ಇವನ್ನ ಬದುಕಿರೋ ಗಿಡವಾಗೇ ಇಡ್ಬೇಕು. ಕೋಯಿಕ್ಕೋಡಿನ ಸಾಂಬಾರ ಬೆಳೆ ಸಂಶೋಧನಾ ಸಂಸ್ಥೆಯಲ್ಲೂ ಮೆಣಸಿನ ತಳಿ ಸಂಗ್ರಹ ಅಂದ್ರೆ ಬದುಕಿರೋ ಬಳ್ಳಿಗಳೇ. ನಿಮ್ಮ ಅಂಗಳದ ಕುಂಡ ಅದೇ ಕೆಲಸವನ್ನ ಚಿಕ್ಕದಾಗಿ ಮಾಡ್ತಿದೆ ಅಂತ ಇಟ್ಕೊಳ್ಳಿ.

ಇಲ್ಲೊಂದು ಸೂಕ್ಷ್ಮ ಇದೆ, ಬುಷ್ ಪೆಪ್ಪರ್ ಮಾಡೋರಲ್ಲಿ ಸುಮಾರು ಜನಕ್ಕೆ ಗೊತ್ತಿರೋದಿಲ್ಲ. ಮೆಣಸಿನ ಬಳ್ಳಿಯಲ್ಲಿ ಎರಡು ತರದ ಟೊಂಗೆ. ಒಂದು ಬುಡದಿಂದ ನೆಲದ ಮೇಲೆ ಹರಿದು ಹೋಗೋ ಹಂಬು ಮತ್ತು ಮರಕ್ಕೆ ಅಂಟಿ ಮೇಲೆ ಹತ್ತೋ ಬಳ್ಳಿ, ಗಣ್ಣು ಗಣ್ಣಿಗೆ ಬೇರು ಬಿಡ್ತಾ ಹೋಗ್ತದೆ. ಇನ್ನೊಂದು ಅಡ್ಡಕ್ಕೆ ಚಾಚೋ ಟೊಂಗೆ, ಅದಕ್ಕೆ ಅಂಟೋ ಬೇರು ಇರೋದಿಲ್ಲ, ತೆನೆ ಬಿಡೋದು ಅದರಲ್ಲೇ. ಹಂಬಿನ ತುಂಡು ನೆಟ್ರೆ ಹತ್ತೋ ಬಳ್ಳಿ ಆಗ್ತದೆ, ಅಡ್ಡ ಟೊಂಗೆ ನೆಟ್ರೆ ಅದು ಹತ್ತೋದು ಮರೆತು ಪೊದೆ ಆಗಿ ಕೂರ್ತದೆ, ಮೊದಲ ವರ್ಷವೇ ತೆನೆ ಹಾಕೋದೂ ಉಂಟು. ಎರಡರ ಜೀನೂ ಒಂದೇ, ಒಂದಿಷ್ಟೂ ವ್ಯತ್ಯಾಸ ಇಲ್ಲ, ಆದ್ರೆ ಕುಡಿ ಎಲ್ಲಿಂದ ಬಂತೋ ಆ ಸ್ವಭಾವ ಹಿಡ್ಕೊಂಡೇ ಬೆಳೀತದೆ. ಜಾಯಿಕಾಯಿ, ಮುರುಗಲು ಕಸಿಯಲ್ಲೂ ಹೀಗೇ, ಅಡ್ಡ ಟೊಂಗೆಯ ಕಡ್ಡಿ ಕಟ್ಟಿದ್ರೆ ಗಿಡ ಅಗಲಕ್ಕೆ ಹರಡ್ತದೆ, ತುದಿಯ ನೆಟ್ಟಗಿನ ಕಡ್ಡಿ ಕಟ್ಟಿದ್ರೆ ಮೇಲಕ್ಕೆ ಹೋಗ್ತದೆ. ತಳಿ ಉಳಿಸೋ ದೃಷ್ಟಿಯಿಂದ ಇದರ ಅರ್ಥ ಏನಂದ್ರೆ, ಬರೇ ಬುಷ್ ಕುಂಡ ಒಂದೇ ಇಟ್ಕೊಂಡ್ರೆ ಮುಂದೆ ತೋಟಕ್ಕೆ ಹತ್ತೋ ಬಳ್ಳಿ ಬೇಕು ಅಂದಾಗ ಪೇಚಾಟ. ಕೆಲವು ಸಲ ಪೊದೆಯ ಬುಡದಿಂದ ಹಂಬು ಎದ್ದು ಬರ್ತದೆ, ಫಸಲಿಗೆ ಅಂತ ಸಾಕಿದವರು ಅದನ್ನ ಚಿವುಟಿ ಬಿಸಾಕ್ತಾರೆ, ತಳಿಗೆ ಅಂತ ಸಾಕಿದವರು ಅದನ್ನೇ ಬೇರೆ ಕೊಟ್ಟೆಗೆ (ಸಸಿ ಚೀಲಕ್ಕೆ) ಇಳಿಸ್ಕೋಬೇಕು. ಸುಲಭದ ದಾರಿ, ಒಂದು ತಳಿಗೆ ಎರಡು ಕುಂಡ, ಒಂದು ಹಂಬಿನದು, ಒಂದು ಪೊದೆಯದು. ಹಂಬಿನದಕ್ಕೆ ಒಂದು ಗೂಟ ನಿಲ್ಲಿಸಿ, ಮೇಲೆ ಹೋದಷ್ಟೂ ಕತ್ತರಿಸ್ತಾ ಇರಿ.

ಕಸಿ ಬಳ್ಳಿ ಆದ್ರೆ ಇನ್ನೊಂದು ಎಚ್ಚರ. ದಕ್ಷಿಣ ಅಮೆರಿಕದ ಕೊಲುಬ್ರಿನಂ ಅನ್ನೋ ಹಿಪ್ಪಲಿ ಜಾತಿಯ ಬುಡಕ್ಕೆ ಊರ ಮೆಣಸು ಕಟ್ಟೋದು ನಮ್ಮ ಕಡೆ ಮಾಮೂಲು ಆಗಿದೆ, ಸೊರಗು ರೋಗ ತರೋ ಫೈಟೋಫ್ಥೋರಾ ರೋಗಾಣು ಅದಕ್ಕೆ ತಾಗೋದಿಲ್ಲ, ನೀರು ನಿಂತ್ರೂ ತಡ್ಕೋತದೆ. ತೋಟಕ್ಕೆ ಚಲೋ. ಆದ್ರೆ ಮೇಲಿನ ಭಾಗ ಒಣಗಿ ಬುಡದಿಂದ ಹಿಪ್ಪಲಿ ಚಿಗುರಿ ಕುಂಡ ತುಂಬಾ ಹಸಿರು ಆದ್ರೆ, ನೋಡೋರಿಗೆ ಗಿಡ ಜೋರಾಗೇ ಇದೆ, ತಳಿ ಮಾತ್ರ ಹೋಗಿರ್ತದೆ. ಹಾಗಾಗಿ ಉಳಿಸೋ ಕುಂಡದಲ್ಲಿ ಸ್ವಂತ ಬೇರಿನ ಗಿಡ ಒಂದು ಇರಲೇಬೇಕು.

ಅಡ್ಡ ಟೊಂಗೆಗೆ ಬೇರು ಬರಿಸೋದು ಹಂಬಿನಷ್ಟು ಸುಲಭ ಅಲ್ಲ. ಒಂದು ವರ್ಷ ಬಲಿತ ಟೊಂಗೆ, ಮೂರರಿಂದ ಐದು ಗಣ್ಣು ಇರೋದು, ಎಲೆ ಒಂದೆರಡು ಬಿಟ್ಟು ಉಳಿದದ್ದು ಕತ್ತರಿಸಿ, ಕೆಳಗಿನ ತುದಿಗೆ ಬೇರು ಬರಿಸೋ ಐಬಿಎ ಹಾರ್ಮೋನ್ ಹಚ್ಚಿ, ಮರಳು ಜಾಸ್ತಿ ಇರೋ ಮಿಶ್ರಣದ ಕೊಟ್ಟೆಯಲ್ಲಿ ಊರಿ, ಮೇಲಿಂದ ಪಾರದರ್ಶಕ ಪ್ಲಾಸ್ಟಿಕ್ ಮುಚ್ಚಿ ನೆರಳಲ್ಲಿ ಇಡೋದು. ಪ್ಲಾಸ್ಟಿಕ್ ಒಳಗೆ ಬೆವರು ಕೂತ್ಕೊಂಡು ಎಲೆ ಬಾಡದೇ ಇದ್ರೆ ಕೆಲಸ ಆಗ್ತಿದೆ ಅಂತ. ಹೊಸ ಕುಡಿ ಬಂತು ಅಂತ ಖುಷಿಯಾಗಿ ಎತ್ತಿ ನೋಡ್ಬೇಡಿ, ಕಡ್ಡಿಯಲ್ಲಿ ಇದ್ದ ಶಕ್ತಿಯಿಂದ ಕುಡಿ ಮೊದ್ಲು ಬಂದಿರ್ತದೆ, ಬೇರು ಇನ್ನೂ ಬಿಳೀ ಮೊಳೆ ಹಾಗೆ ಗಣ್ಣಲ್ಲಿ ಕೂತಿರ್ತದೆ, ಎಳೆದ್ರೆ ಅದೂ ಮುರೀತದೆ.

ಕುಂಡದ ಮಣ್ಣಿನ ಬಗ್ಗೆ ಪುಸ್ತಕದಲ್ಲಿ ಬರೋ ಲೆಕ್ಕ ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಹಟ್ಟಿಗೊಬ್ಬರ. ನಮ್ಮ ಮಳೆಗೆ ಇದೂ ಸ್ವಲ್ಪ ಗಟ್ಟಿಯೇ, ಜೂನ್ ಜುಲೈಯಲ್ಲಿ ಹೊಯ್ಯೋ ಮಳೆಗೆ ಮಣ್ಣು ಕೂತು ಸಿಮೆಂಟ್ ಆಗ್ತದೆ, ಹಾಗಾಗಿ ಮರಳು ಜಾಸ್ತಿ ಮಾಡಿ, ತೂತು ಕೆಳಗಷ್ಟೇ ಅಲ್ಲ ಪಕ್ಕದಲ್ಲೂ ಇರಲಿ. ಕುಂಡದ ತಳಕ್ಕೆ ಕಲ್ಲು ತುಂಬಿದ್ರೆ ನೀರು ಬೇಗ ಇಳೀತದೆ ಅಂತ ಎಲ್ರೂ ಹೇಳ್ತಾರೆ, ನಿಜವಾಗಿ ನಯ ಮಣ್ಣಿಂದ ದಪ್ಪ ಕಲ್ಲಿಗೆ ನೀರು ಸಲೀಸಾಗಿ ಇಳಿಯೋದಿಲ್ಲ, ಕಲ್ಲಿನ ಮೇಲೇ ಮಣ್ಣು ನೆನೆದು ನಿಲ್ತದೆ, ಬೇರಿಗೆ ಇರೋ ಜಾಗವೂ ಕಮ್ಮಿ. ಕಲ್ಲು ಕುಂಡದ ಒಳಗಲ್ಲ, ಕುಂಡದ ಕೆಳಗೆ ಇಡಿ. ನೆಲಕ್ಕೆ ತಾಗದ ಹಾಗೆ ಎರಡು ಕಲ್ಲಿನ ಮೇಲೆ ಕೂರಿಸಿದ್ರೆ ಮಳೆ ನೀರು ಮಣ್ಣಿಗೆ ಬಿದ್ದು ಸಿಡಿದು ಎಲೆಗೆ ತಾಗೋದು ತಪ್ತದೆ, ಸೊರಗು ರೋಗ ಹತ್ತೋದು ಆ ಸಿಡಿತದಿಂದಲೇ ಜಾಸ್ತಿ. ಮಳೆ ಶುರು ಆಗೋ ಮೊದ್ಲು ತೋಟಕ್ಕೆ ಹೊಡೆಯೋ ಶೇಕಡಾ 1ರ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ್ದು) ಇವಕ್ಕೂ ಒಂದು ಸುತ್ತು ಹೊಡೀರಿ, ರೋಗ ತಡೆಯೋ ಟ್ರೈಕೋಡರ್ಮಾ ಶಿಲೀಂಧ್ರ ಹಾಕೋರು ಬೋರ್ಡೋವನ್ನ ಮಣ್ಣಿಗೆ ಸುರಿಯದೇ ಇರಲಿ, ತಾಮ್ರ ಆ ಒಳ್ಳೆ ಶಿಲೀಂಧ್ರಕ್ಕೂ ಪೆಟ್ಟು ಕೊಡ್ತದೆ.

ಪ್ಲಾಸ್ಟಿಕ್ ಕುಂಡದಲ್ಲಿ ಬೇರು ಗೋಡೆಗೆ ತಾಗಿ ಸುತ್ತು ಹಾಕ್ತದೆ, ಎರಡು ಮೂರು ವರ್ಷಕ್ಕೆ ಒಳಗೆ ಮಣ್ಣಿಗಿಂತ ಬೇರೇ ಜಾಸ್ತಿ. ಬಟ್ಟೆಯ ಗ್ರೋಬ್ಯಾಗಲ್ಲಿ ಬೇರಿನ ತುದಿ ಗಾಳಿಗೆ ಬಂದು ಒಣಗಿ ಒಳಗೆ ಹೊಸ ಕವಲು ಒಡೀತದೆ, ಅದು ಒಳ್ಳೇದು, ಆದ್ರೆ ಏಪ್ರಿಲ್ ಬಿಸಿಲಿಗೆ ದಿನಾ ನೀರು ಬೇಕು. ಕಾರವಾರ, ಅಂಕೋಲಾ ಕರಾವಳಿಯೋರಿಗೆ ಬಾವಿ ನೀರು ಬೇಸಿಗೆಯಲ್ಲಿ ಉಪ್ಪಾಗ್ತಿದ್ರೆ ಕುಂಡದಲ್ಲಿ ಉಪ್ಪು ಬೇಗ ಸೇರ್ತದೆ, ಮೊದಲ ಮಳೆಗೆ ಚೆನ್ನಾಗಿ ತೊಳೆದು ಹೋಗೋ ಹಾಗೆ ಬಿಡಿ.

ಇನ್ನು ವೈರಸ್, ಕ್ಲೋನ್ ಮಾಡೋರ ದೊಡ್ಡ ಶತ್ರು. ಮೆಣಸಿನ ಎಲೆ ಸಣ್ಣ ಆಗಿ, ಹಳದಿ ಮಚ್ಚೆ ಬಂದು, ಗಣ್ಣು ಹತ್ತಿರ ಹತ್ತಿರ ಕೂತು ಬಳ್ಳಿ ಕುಳ್ಳಾಯ್ತು ಅಂದ್ರೆ ಸೌತೆ ಮೊಸಾಯಿಕ್ ವೈರಸ್ ಅಥವಾ ಮೆಣಸಿನದೇ ಹಳದಿ ಮಚ್ಚೆ ವೈರಸ್ ಇರಬಹುದು. ಎರಡನೇದನ್ನ ಹಿಟ್ಟು ತಿಗಣೆ ಒಯ್ತದೆ, ಆದ್ರೆ ಅದಕ್ಕಿಂತ ಹೆಚ್ಚು ಒಯ್ಯೋರು ನಾವು, ಕಡ್ಡಿ ಮೂಲಕ. ಗೊಬ್ಬರ ಹಾಕಿದ್ರೆ ಸರಿ ಹೋಗೋದಿಲ್ಲ, ಚಿಗುರು ಒಂದೆರಡು ಚೆನ್ನಾಗಿ ಬಂದ ಹಾಗೆ ಕಂಡ್ರೂ ಒಳಗೆ ಇದ್ದೇ ಇರ್ತದೆ. ಹಾಗಾಗಿ ತಾಯಿಬಳ್ಳಿಯನ್ನ ಒಂದು ಪೂರ್ತಿ ವರ್ಷ, ಮಳೆ ಬೇಸಿಗೆ ಎರಡರಲ್ಲೂ ನೋಡಿದ ಮೇಲೆ ಕಡ್ಡಿ ತಗೊಳ್ಳಿ, ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಕತ್ತಿ, ಬ್ಲೇಡು ತೊಳೀರಿ.

ಅಪ್ಪೆಮಿಡಿ ಕಥೆ ಮೆಣಸಿನ ಅಣ್ಣತಮ್ಮ. ಅಘನಾಶಿನಿ, ಬೇಡ್ತಿ, ಶರಾವತಿ ಹೊಳೆ ದಂಡೆಯ ಕಾಡು ಮಾವಿನ ಮರಗಳಲ್ಲಿ ಒಂದೊಂದಕ್ಕೂ ಸೊನೆಯ ವಾಸನೆ ಬೇರೆ, ಅನಂತಭಟ್ಟನ ಅಪ್ಪೆ, ಮಾಳಂಜಿ ಅಪ್ಪೆ, ಜೀರಿಗೆ ವಾಸನೆಯ ಜೀರಿಗೆ ಅಪ್ಪೆ, ಎಲ್ಲವೂ ಯಾವುದೋ ಒಂದು ಮರದ ಹೆಸರೇ. ಗೊರಟು ಹಾಕಿದ್ರೆ ಆ ವಾಸನೆ ಬರ್ತದೆ ಅನ್ನೋ ಗ್ಯಾರಂಟಿ ಇಲ್ಲ, ಮಾವು ಪರಕೀಯ ಪರಾಗಕ್ಕೆ ಬಾಗಿಲು ತೆಗೆದಿಟ್ಟ ಜಾತಿ. ಕೇರಳದ ಒಳೂರ್, ಚಂದ್ರಕಾರನ್ ತರದ ಕೆಲವು ಮಾವಿನಲ್ಲಿ ಒಂದೇ ಗೊರಟಿನಿಂದ ಮೂರು ನಾಲ್ಕು ಮೊಳಕೆ ಬರ್ತದೆ, ಅವುಗಳಲ್ಲಿ ಹೆಚ್ಚಿನವು ತಾಯಿಯ ನಕಲೇ, ಅಂಥವನ್ನ ಬೀಜದಿಂದಲೂ ಉಳಿಸ್ಬಹುದು. ಉಳಿದವಕ್ಕೆ ಕಸಿಯೇ ಗತಿ. ದೊಡ್ಡ ಡ್ರಮ್ಮಿನಲ್ಲಿ ಎರಡು ಕಸಿ ಗಿಡ ಇಟ್ಟು ಎದೆಮಟ್ಟಕ್ಕೆ ಸವರ್ತಾ ಇದ್ರೆ ಪ್ರತಿ ವರ್ಷ ಕಸಿಗೆ ಕಡ್ಡಿ ಸಿಗ್ತದೆ. ಡ್ರಮ್ಮಿನ ಮರದಲ್ಲಿ ಬಿಡೋ ನಾಲ್ಕು ಮಿಡಿಯಿಂದ ಉಪ್ಪಿನಕಾಯಿ ಎಷ್ಟು ವರ್ಷ ತಾಳ್ತದೆ ಅಂತ ಪರೀಕ್ಷೆ ಮಾಡೋಕಾಗೋದಿಲ್ಲ, ಅದು ಹೊಳೆದಂಡೆಯ ಮರದ ಕೆಲಸ, ಡ್ರಮ್ಮಿನದು ಆ ಮರ ಬಿದ್ದುಹೋದ್ರೆ ಅಂತ ಇಟ್ಟ ಮೀಸಲು. ಅಂಕೋಲಾದ ಕರಿ ಈಶಾಡಿ ಮಾವಿಗೆ 2023ರಲ್ಲಿ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಬಂತು, ಅಪ್ಪೆಮಿಡಿಗೆ ಅದಕ್ಕೂ ಮೊದಲೇ ಬಂದಿದೆ, ಟ್ಯಾಗ್ ಹೆಸರನ್ನ ಕಾಯ್ತದೆ, ಮರ ಕಾಯೋದು ಮನೆಯೋರೇ.

ಈಗ ಎರಡನೇ ಪಂಗಡ, ಮೊಗೆಕಾಯಿ. ಇಲ್ಲಿ ಲೆಕ್ಕ ಪೂರ್ತಿ ತಿರುಗಿ ನಿಲ್ತದೆ. ಮೊಗೆಕಾಯಿಯಲ್ಲಿ ತಳಿ ಅಂದ್ರೆ ಒಂದು ಗಿಡ ಅಲ್ಲ, ಒಂದು ಗುಂಪು. ಒಂದೇ ಬಳ್ಳಿಯಲ್ಲಿ ಗಂಡು ಹೂ ಬೇರೆ ಹೆಣ್ಣು ಹೂ ಬೇರೆ, ಜೇನು ಊರೆಲ್ಲ ತಿರುಗಿ ಪರಾಗ ತರ್ತದೆ, ಪ್ರತಿ ಗಿಡದಲ್ಲೂ ಸ್ವಲ್ಪ ಸ್ವಲ್ಪ ಬೇರೆ ಜೀನು. ಒಂದು ಗಿಡ ಪಟ್ಟೆ ಚೆನ್ನಾಗಿ ಕೊಡ್ತದೆ, ಇನ್ನೊಂದು ಮಾಡಿಗೆ ಕಟ್ಟಿ ನೇತುಹಾಕಿದ್ರೆ ತಿಂಗಳುಗಟ್ಟಲೆ ಕೆಡದೇ ಇರ್ತದೆ, ಮತ್ತೊಂದು ಬೂದಿ ರೋಗ ತಡ್ಕೋತದೆ. ಇವೆಲ್ಲ ಸೇರಿ ಅಜ್ಜನ ಮೊಗೆಕಾಯಿ. ಒಂದು ಗ್ರೋಬ್ಯಾಗಲ್ಲಿ ಒಂದು ಬಳ್ಳಿ ಹಾಕಿ ಅದರ ಬೀಜ ಮಾತ್ರ ತೆಗೆದಿಟ್ರೆ ಉಳಿದದ್ದು ಹೆಸರು ಮಾತ್ರ.

ಇದನ್ನ ಅಂದಾಜಿಗೆ ಹೇಳೋದಲ್ಲ, ಲೆಕ್ಕವೇ ಇದೆ. ಎಷ್ಟು ಗಿಡದಿಂದ ಬೀಜ ತಗೊಳ್ತೇವೋ ಅದರ ಎರಡು ಪಟ್ಟು ಮಾಡಿ, ಒಂದು ತಲೆಮಾರಿಗೆ ಗುಂಪಿನ ವೈವಿಧ್ಯದಲ್ಲಿ ಅಷ್ಟರಲ್ಲಿ ಒಂದು ಪಾಲು ಹೋಗ್ತದೆ. 5 ಗಿಡ ಅಂದ್ರೆ ಹತ್ತನೇ ಒಂದು ಪಾಲು, ಅಂದ್ರೆ ಶೇಕಡಾ 10. ಹತ್ತು ವರ್ಷ ಪ್ರತಿ ವರ್ಷ 5 ಗಿಡದಿಂದಲೇ ಬೀಜ ತಗೊಳ್ತಾ ಹೋದ್ರೆ ಉಳಿಯೋದು ನೂರಕ್ಕೆ ಸುಮಾರು 35 ಪಾಲು, 65 ಹೋಯ್ತು. ಅದೇ 50 ಗಿಡದಿಂದ ತಗೊಂಡ್ರೆ ಹತ್ತು ವರ್ಷದ ಮೇಲೂ 90 ಪಾಲು ಇದೆ. ಅಪರೂಪದ ಗುಣಕ್ಕೆ ಇನ್ನೂ ಕಷ್ಟ, ಗುಂಪಿನಲ್ಲಿ ನೂರಕ್ಕೆ ಐದರಷ್ಟು ಮಾತ್ರ ಇರೋ ಒಂದು ಜೀನು 5 ಗಿಡದಲ್ಲಿ ಸಿಗೋ ಸಾಧ್ಯತೆ ನೂರಕ್ಕೆ 40, 30 ಗಿಡದಲ್ಲಿ ಆದ್ರೆ 95. ರೋಗ ತಡೆಯೋ ಗುಣಗಳು ಸುಮಾರು ಸಲ ಇಂಥ ಅಪರೂಪದ ಪಾಲಿನಲ್ಲೇ ಇರ್ತದೆ.

ಐವತ್ತು ಮೊಗೆಕಾಯಿ ಬಳ್ಳಿ ಕುಂಡದಲ್ಲಿ ಯಾರು ಸಾಕ್ತಾರೆ? ಯಾರೂ ಇಲ್ಲ. ಆದ್ರೆ ಹತ್ತು ಮನೆಯೋರು ಐದೈದು ಬಳ್ಳಿ ಸಾಕಿ, ಎಲ್ಲರ ಬೀಜವನ್ನ ಒಟ್ಟು ಕಲಸಿ ಮತ್ತೆ ಹಂಚ್ಕೊಂಡ್ರೆ ಲೆಕ್ಕ ಐವತ್ತಕ್ಕೆ ಬರ್ತದೆ. ಶಿರಸಿಯ ವನಸ್ತ್ರೀ ಬಳಗದ ಹೆಂಗಸರು ಮಳೆಗಾಲದ ಹೊತ್ತಿಗೆ ಮಲೆನಾಡು ಮೇಳದಲ್ಲಿ ಬೀಜ ಗೆಡ್ಡೆ ಕೊಟ್ಟು ತಗೊಳ್ತಾರಲ್ಲ, ಅದರ ಹಿಂದೆ ಇರೋ ವಿಜ್ಞಾನ ಇದೇ, ಅವರು ಸೂತ್ರ ಬರೆದುಕೊಂಡು ಮಾಡ್ತಾರೋ ಇಲ್ವೋ ಬೇರೆ ಮಾತು. ಕುಮಟಾದ ಸಿಹಿ ಈರುಳ್ಳಿಯೂ ಪರಪರಾಗದ ಬೆಳೆ, ಅದನ್ನಂತೂ ಕುಂಡದಲ್ಲಿ ಉಳಿಸೋ ಆಸೆ ಬಿಡಿ, ಗದ್ದೆಯೇ ಬೇಕು. ಅಘನಾಶಿನಿ ಗಜನಿಯ (ಉಪ್ಪುನೀರಿನ ಗದ್ದೆಯ) ಕಗ್ಗ ಭತ್ತ, ಬದನೆ, ಇವು ಹೆಚ್ಚಾಗಿ ತಮ್ಮದೇ ಪರಾಗದಲ್ಲಿ ಕಾಳು ಕಟ್ಟೋ ಜಾತಿ, ಸ್ವಲ್ಪ ಗಿಡದಲ್ಲೂ ಸುಧಾರಿಸ್ತದೆ. ಸೂಜಿಮೆಣಸಿನಕಾಯಿ ಮಧ್ಯದ್ದು, ತಾನೇ ಕಟ್ತದೆ ಆದ್ರೆ ಜೇನು ಬಂದ್ರೆ ಬೇಡ ಅನ್ನೋದಿಲ್ಲ. ಪಕ್ಕದಲ್ಲಿ ಬೇರೆ ತಳಿಯ ಸೂಜಿಮೆಣಸು ಇದ್ರೆ ಮುಂದಿನ ವರ್ಷದ ಸಸಿಯಲ್ಲಿ ಗುಣ ಕಲಸಿ ಬರ್ಬಹುದು. ಹೂ ಬಿಡೋ ಮೊದ್ಲು ಇಡೀ ಕುಂಡಕ್ಕೆ ಹಳೇ ಸೊಳ್ಳೆ ಪರದೆ ತುಂಡು ಮುಚ್ಚಿ, ಬೆಳಗ್ಗೆ ಒಮ್ಮೆ ಗಿಡ ಅಲುಗಿಸಿ, ಕಾಯಿ ಕಟ್ಟಿದ ಮೇಲೆ ತೆಗೆದು, ಆ ಕಾಯಿಗೆ ದಾರ ಕಟ್ಟಿದ್ರೆ ಬೀಜ ಶುದ್ಧ.

ಮೊಗೆಕಾಯಿಗೆ ಪರದೆ ಸಾಲದು, ಕೈಯಲ್ಲೇ ಮಾಡ್ಬೇಕು. ನಾಳೆ ಅರಳೋ ಮೊಗ್ಗು ಇವತ್ತು ಸಂಜೆಯೇ ಗೊತ್ತಾಗ್ತದೆ, ತುದಿ ಹಳದಿ ತಿರುಗಿರ್ತದೆ. ಹೆಣ್ಣು ಮೊಗ್ಗಿನ ಹಿಂದೆ ಪುಟ್ಟ ಮೊಗೆಕಾಯಿ, ರೋಮ ರೋಮ ಇರ್ತದೆ, ಗಂಡಿಗೆ ಬರೇ ತೊಟ್ಟು. ಎರಡರ ತುದಿಯನ್ನೂ ನೂಲಲ್ಲಿ ಮೆಲ್ಲಗೆ ಕಟ್ಟಿಡಿ. ಬೆಳಗ್ಗೆ ಜೇನು ಎದ್ದು ಬರೋ ಮೊದ್ಲು ಬೇರೆ ಬಳ್ಳಿಯ ಗಂಡು ಹೂ ಕಿತ್ತು, ಎಸಳು ಹರಿದು, ಹೆಣ್ಣು ಹೂವಿನ ನೂಲು ಬಿಚ್ಚಿ ಒಳಗೆ ಸವರಿ ಮತ್ತೆ ಕಟ್ಟಿಬಿಡಿ. ಸಾಧ್ಯ ಆದ್ರೆ ಎರಡು ಮೂರು ಬಳ್ಳಿಯ ಗಂಡು ಹೂ ಬಳಸಿ. ಮೂರ್ನಾಲ್ಕು ದಿನಕ್ಕೆ ಪುಟ್ಟ ಕಾಯಿ ಹಳದಿಯಾಗಿ ಉದುರಿದ್ರೆ ಆಗ್ಲಿಲ್ಲ ಅಂತ, ಉಬ್ಬಿದ್ರೆ ಆಯ್ತು.

ಹೊಸ ತಳಿ ಮಾಡೋ ಆಸೆ ಇರೋರಿಗೆ ಕುಂಡದ ನಿಜವಾದ ಲಾಭ ಇಲ್ಲಿ, ಗಿಡವನ್ನ ಎತ್ತಿ ಇಡ್ಬಹುದು. ಯಾರ ಪಕ್ಕ ಯಾರು ಇರ್ಬೇಕು ಅಂತ ನೀವು ನಿರ್ಧಾರ ಮಾಡ್ಬಹುದು. ಕಾಳುಮೆಣಸಿನ ತೆನೆಯಲ್ಲಿ ಹೆಣ್ಣು ಭಾಗ ಮೊದ್ಲು ತಯಾರಾಗ್ತದೆ, ಪರಾಗ ಬಿರಿಯೋದು ಕೆಲವು ದಿನ ಬಿಟ್ಟು. ಆ ಮಧ್ಯದ ದಿನಗಳಲ್ಲಿ ಬೇರೆ ತಳಿಯ ಪರಾಗವನ್ನ ನೀರಲ್ಲಿ ಕದಡಿ ಕುಂಚದಲ್ಲಿ ಹಚ್ಚಿ ಚೀಲ ಕಟ್ಟಿದ್ರೆ ಸಂಕರ. ಮಳೆಹನಿಯೇ ಇಲ್ಲಿ ತೆನೆಯ ಮೇಲಿಂದ ಕೆಳಗೆ ಪರಾಗ ಇಳಿಸೋದು, ಹಾಗಾಗಿ ಹಚ್ಚಿದ ತೆನೆಗೆ ಮಳೆ ಬೀಳದ ಜಾಗ ಬೇಕು, ಕುಂಡ ಜಗಲಿಗೆ ತಂದಿಟ್ರೆ ಮುಗೀತು. ಮೂವತ್ತು ಅಡಿ ಮೇಲೆ ಅಡಕೆ ಮರದಲ್ಲಿ ಇದನ್ನ ಮಾಡಿ ನೋಡಿ. ಬಂದ ಬೀಜ ಒಣಗಿಸದೇ ಸಿಪ್ಪೆ ತೆಗೆದು ಕೂಡಲೇ ಹಾಕ್ಬೇಕು, ಆಮೇಲೆ ಒಳ್ಳೇದು ಯಾವುದು ಅಂತ ಗೊತ್ತಾಗೋಕೆ ವರ್ಷಗಳು ಬೇಕು, ನೂರು ಸಸಿಯಲ್ಲಿ ಒಂದು ಸಿಕ್ರೂ ಪುಣ್ಯ.

ಒಣಗಿಸಿಡೋ ಬೀಜಕ್ಕೆ ಹಳೇ ಸೂತ್ರ ಒಂದಿದೆ, ಬೀಜದ ತೇವ ಶೇಕಡಾ 1 ಇಳಿಸಿದಾಗೆಲ್ಲ, ಅಥವಾ ಇಡೋ ಜಾಗದ ಬಿಸಿ 5 ಡಿಗ್ರಿ ಇಳಿಸಿದಾಗೆಲ್ಲ ಬೀಜದ ಆಯುಷ್ಯ ಹೆಚ್ಚುಕಡಿಮೆ ಎರಡು ಪಟ್ಟು. ನಮ್ಮ ಮಳೆಗಾಲದ ಗಾಳಿಯೇ ನೀರು, ಡಬ್ಬಿ ಮುಚ್ಚಳ ಸ್ವಲ್ಪ ಸಡಿಲ ಇದ್ರೂ ಬೀಜ ತೇವ ಎಳ್ಕೋತದೆ. ಸೌತೆ ಬೀಜವನ್ನ ಸಗಣಿ ಬೂದಿಯಲ್ಲಿ ಕಲಸಿ ಅಡುಗೆಮನೆ ಗೋಡೆಗೆ ಬಡಿಯೋದು ಇದಕ್ಕೇ, ಒಲೆಯ ಹೊಗೆ, ಬಿಸಿ ಎರಡೂ ತಾಗ್ತಿತ್ತು. ಈಗ ಗ್ಯಾಸ್ ಒಲೆ ಮನೆಯಲ್ಲಿ ಆ ಗೋಡೆಗೆ ಆ ಶಕ್ತಿ ಇಲ್ಲ, ಮೇ ತಿಂಗಳ ಬಿಸಿಗೆ ನೆರಳಲ್ಲಿ ಒಣಗಿಸಿ, ಗಾಜಿನ ಬಾಟ್ಲಿಯ ತಳಕ್ಕೆ ಒಣ ಇದ್ದಿಲು ಹಾಕಿ, ಬಿಗಿ ಮುಚ್ಚಿ ಫ್ರಿಜ್ಜಲ್ಲಿ ಇಡಿ.

ಕೊಟ್ಟು ತಗೊಳ್ಳೋದಕ್ಕೆ ಕಾನೂನಿನ ಭಯ ಬೇಡ, 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆಯಲ್ಲಿ ರೈತರು ತಾವು ಬೆಳೆದ ಬೀಜ ಇಟ್ಕೊಳ್ಳೋದು, ಹಂಚೋದು, ಮಾರೋದು ಎಲ್ಲಕ್ಕೂ ಅವಕಾಶ ಇದೆ, ರಕ್ಷಿತ ತಳಿಯ ಬೀಜವನ್ನ ಬ್ರ್ಯಾಂಡ್ ಹೆಸರಲ್ಲಿ ಮಾರೋ ಹಾಗಿಲ್ಲ ಅಷ್ಟೇ. ಹೊರಗಿಂದ ಬಂದ ಕೊಟ್ಟೆಯನ್ನ ಮಾತ್ರ ನೇರ ನಿಮ್ಮ ಹಳೇ ಕುಂಡಗಳ ಸಾಲಿಗೆ ಸೇರಿಸ್ಬೇಡಿ, ಒಂದು ಮಳೆಗಾಲ ಮನೆಯ ಇನ್ನೊಂದು ಮಗ್ಗುಲಲ್ಲಿ ಇಟ್ಟು ಎಲೆ, ಬೇರು, ಹಿಟ್ಟು ತಿಗಣೆ ನೋಡಿ. ಚೀಟಿಯಲ್ಲಿ ತಳಿಯ ಹೆಸರಷ್ಟೇ ಸಾಲದು, ಯಾರ ಮನೆಯ ಯಾವ ಬಳ್ಳಿ, ಹಂಬೋ ಅಡ್ಡ ಟೊಂಗೆಯೋ ಕಸಿಯೋ, ಯಾವ ವರ್ಷ ಅಂತ ಬರೀರಿ. ಮಾರ್ಕರ್ ಪೆನ್ನಿನದು ಎರಡು ಮಳೆಗೆ ಅಳಿಸಿಹೋಗ್ತದೆ, ಖಾಲಿ ಡಬ್ಬಿಯ ಅಲ್ಯೂಮಿನಿಯಂ ತಗಡು ಕತ್ತರಿಸಿ ಮೊಳೆಯಲ್ಲಿ ಕೊರೆದು ತಂತಿಯಲ್ಲಿ ಕಟ್ಟಿ, ಗಿಡಕ್ಕಲ್ಲ, ಕುಂಡದ ಅಂಚಿಗೆ.